ಶಿಲುಬೆಯ ಮುಂದೆ ಕೋಕಂ ಶರಬತ್ತು

ಕದ್ವಾಡದಲ್ಲಿ ನಮ್ಮ ಪಕ್ಕದ ಮನೆಯ ಕ್ರೈಸ್ತನಿಗೆ ಕದ್ರಾ ಅಣೆಕಟ್ಟಿನಲ್ಲಿ ನೌಕರಿ. ಸಂಜೆ ಕುಡಿದು ಬಸ್ಸಿಳಿಯುತ್ತಿದ್ದ ಅವನನ್ನು ಹಿಡಿದು ಮನೆ ಮುಟ್ಟಿಸುವುದು ನನ್ನ ಗಂಡನ ಪಾಲಿಗೆ ಬಂದಿತ್ತು. ಮನಸ್ಸು ಗಟ್ಟಿಯಿದ್ದರೆ ಯಾರು ಬೇಕಾದರೂ ಬಿಡಬಹುದು, ಇವನದೆಲ್ಲ ನಾಟಕ ಎಂದು ನಾನು ರೇಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಅವನು ಚರ್ಚಿನ ಪ್ರಾರ್ಥನೆಗೆ ಹೋಗತೊಡಗಿದ. ಕುಡಿತ ನಿಂತಿತು.

ಮುಂದಿನ ಮೇ ತಿಂಗಳಲ್ಲಿ ಕೇರಿಯ ಶಿಲುಬೆಯ ಮುಂದೆ ಪ್ರಾರ್ಥನೆ ನಡೆಸುವ ಸರದಿ ಅವನದಾಯಿತು. ನೆರೆಯವರಾದ ನಾವೂ ಹೋಗಿದ್ದೆವು. ಹಾಡು ಮುಗಿದ ಮೇಲೆ ಎಲ್ಲರಿಗೂ ಬೇಯಿಸಿದ ಕಡಲೆ, ಗಂಡಸರಿಗೆ ಜೊತೆಗಿಷ್ಟು ಫೆನ್ನಿ ಸಾರಾಯಿ ಕೊಡುವುದು ಅಲ್ಲಿಯ ಹಳೆಯ ಪದ್ಧತಿ. ಅವನು ಕಡಲೆಯ ಜೊತೆ ಕೋಕಂ ಶರಬತ್ತು ಹಂಚಿದ.

ಹಿಂದೆ ಅವನ ಜೊತೆಗೇ ಕುಡಿಯುತ್ತಿದ್ದ ಮುದುಕನೊಬ್ಬ ಲೋಟ ನೋಡಿ, “ಎಂತದಾ ಮಾರಾಯ, ಇಷ್ಟೇಯಾ? ನೀನೇನೋ ಗೆದ್ದೆ, ನಮಗಾದ್ರೂ ಹಾಕು” ಎಂದ.

“ನಾ ಗೆದ್ದಿಲ್ಲ ಅಜ್ಜಾ. ಬಾಟ್ಲಿ ಬಿಚ್ಚಿದ್ರೆ ಮೊದಲು ಕುಡಿಯೂದು ನಾನೇಯ. ನನ್ ಕೈಲಿ ಆಗೂದಿಲ್ಲ ಅಂತ ದಿನಾ ಬೆಳಿಗ್ಗೆ ದೇವರ ಹತ್ರ ಹೇಳ್ತೆ. ಆ ದಿನಕ್ಕೆ ಸಾಕಾಗೂವಷ್ಟು ಅವ ಕೊಡ್ತ.”

ಅಷ್ಟು ಜನರೆದುರು ತನ್ನ ಸೋಲನ್ನು ತಲೆ ತಗ್ಗಿಸದೆ ಹೇಳಿದ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನ ದೇವರು ಅವನಿಗೆ ಕೊಟ್ಟದ್ದು ಗಟ್ಟಿ ಮನಸ್ಸನ್ನಲ್ಲ, ಈ ಮಾತನ್ನು.

ಮುದುಕ ಶರಬತ್ತು ಕುಡಿದು ಮುಗಿಸಿ, ಲೋಟವನ್ನು ಮತ್ತೆ ಅವನತ್ತ ಚಾಚಿದ.

“ನಂಗೂ ಆಗೂದಿಲ್ಲ, ಮಗಾ.”