ಶ್ಯೂ ಟೀಚರ್ ಕಟ್ಟಿಕೊಟ್ಟ ಬುತ್ತಿ

ತೈನಾನ್ ನಗರದ ಸಂಜೆ ಶಾಲೆಗಳಲ್ಲಿ ಪ್ರೋಗ್ರಾಮಿಂಗ್ ಕಲಿಸಿದವರು ಹಲವರಿರಬಹುದು. ಆದರೆ ಕಣ್ಣು ಮಂಜಾದ, ಬೆರಳು ಒರಟಾದ ನಮ್ಮಂಥವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕಲಿಸಿದವರೆಂದರೆ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಶ್ಯೂ ಯಾ-ಲಿನ್ ಅವರೇ ಎಂದು ಅವರ ವಿದ್ಯಾರ್ಥಿನಿಯಾದ ನಾನು ಹೆಮ್ಮೆಯಿಂದ ಹೇಳಬಲ್ಲೆ.

ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಬರೆದಿಟ್ಟ ಕೋಡಿನ ತುಣುಕು, ಅದರಲ್ಲೇ ಕ್ಲೋಶರ್ ಎಂಬ ಬಗೆಯ ಪಾಠ ಬಂದ ದಿನ ಅವರು ಹಲಗೆಯ ಮೇಲೆ ಏನೂ ಬರೆಯದೆ, ನಮ್ಮ ಬಾಲ್ಯದ ತಗಡಿನ ಊಟದ ಡಬ್ಬಿಯನ್ನು ನೆನಪಿಸಿದರು.

"ಬೆಳಿಗ್ಗೆ ಅಮ್ಮ ತುಂಬಿ ಕೊಡ್ತಿದ್ರು. ಮಧ್ಯಾಹ್ನ ಶಾಲೇಲಿ ಮುಚ್ಚಳ ತೆಗೆದ್ರೆ ಮನೆ ಅಡುಗೆನೇ ಇರ್ತಿತ್ತು, ಅಲ್ವಾ? ಈ ಫಂಕ್ಷನ್ನೂ ಹಾಗೇ. ಹುಟ್ಟಿದ ಜಾಗದಲ್ಲಿ ಕಂಡಿದ್ದನ್ನ ಜೊತೆಗೇ ಹೊತ್ಕೊಂಡು ಹೋಗುತ್ತೆ. ಆ ಜಾಗದ ಕೆಲಸ ಮುಗಿದ್ರೂ ಬಿಡಲ್ಲ."

ಈ ಪಾಠವನ್ನೇ ನಂಬಿ ನಮ್ಮ ತರಗತಿ ಓಣಿಯ ಹಿರಿಯರ ಊಟದ ಮನೆಗೆ ಒಂದು ಕಂಪ್ಯೂಟರ್ ಪರದೆ ಮಾಡಿಕೊಟ್ಟಿತು: ಒಬ್ಬೊಬ್ಬರಿಗೆ ಒಂದೊಂದು ಗುಂಡಿ, ಒತ್ತಿದರೆ ಅಡುಗೆಮನೆಯಿಂದ ಅವರವರ ಊಟ. ಗುಂಡಿಗಳನ್ನೆಲ್ಲ ಒಂದೇ ಲೂಪಿನಲ್ಲಿ, ಅಂದರೆ ಹೆಸರಿನಿಂದ ಹೆಸರಿಗೆ ಅದೇ ಕೆಲಸ ಮರಳಿ ನಡೆಸುವ ಸುತ್ತಿನಲ್ಲಿ, ಮಾಡಿದವಳು ನನ್ನ ಬೆಂಚಿನ ಗೆಳತಿ ಸಿಯು-ಕಿಮ್. ಮೊದಲ ದಿನವೇ ಹುಣ್ಣಿಮೆ; ಆ ದಿನ ಮಾಂಸ ಮುಟ್ಟದ ಓಂಗ್ ಅಜ್ಜಿ ತಮ್ಮ ಗುಂಡಿ ಒತ್ತಿದರೆ ಬಂದದ್ದು ಹಂದಿಮಾಂಸದ ಅನ್ನ! ಯಾರು ಒತ್ತಿದರೂ ಸಾಲಿನ ಕೊನೆಯವರಾದ ಲೋ ತಾತನ ಊಟವೇ.

"ನನ್ನ ಹರಕೆ ಕೆಡಿಸೋಕೆ ಒಂದು ಯಂತ್ರ ಬೇಕಿತ್ತೇನ್ರಮ್ಮಾ?" ಎಂದು ಅಜ್ಜಿ ತಟ್ಟೆ ದೂರ ತಳ್ಳಿದರು.

"ಅದನ್ನ ಇತ್ಲಾಗೆ ಕೊಡಿ, ನಂದೇ ತಾನೆ," ಎಂದರು ಲೋ ತಾತ.

ಸಂಜೆಯೊಳಗೆ ಸರಿಹೋಗದಿದ್ದರೆ ಪರದೆ ತೆಗೆಸುವುದಾಗಿ ಅಡುಗೆಮನೆಯ ಮುಖ್ಯಸ್ಥರು ಹೇಳಿದರು. ಇನ್ನು ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಸಿಯು-ಕಿಮ್ ಚೀಲ ಎತ್ತಿಕೊಂಡಳು.

ಶ್ಯೂ ಟೀಚರ್ ಆ ಚೀಲವನ್ನು ಮೆಲ್ಲಗೆ ತೆಗೆದುಕೊಂಡು ಕುರ್ಚಿಗೆ ನೇತುಹಾಕಿದರು. "ಅಕ್ಕಾ, ಈ ಹಳ್ಳಕ್ಕೆ ಬೀಳದೆ ಈ ಕಸುಬಲ್ಲಿ ಯಾರೂ ಪಳಗಿಲ್ಲ. ನಾನೂ ಬಿದ್ದಿದೀನಿ. ನೀವು ಡಬ್ಬಿಗೆ ಅಡುಗೆ ತುಂಬಲಿಲ್ಲ. 'ಒಲೆ ಮೇಲಿನ ಪಾತ್ರೆ ನೋಡ್ಕೋ' ಅಂತ ಎಲ್ಲಾ ಡಬ್ಬಿಗೂ ಹೇಳಿ ಕಳಿಸಿದ್ರಿ. ಊಟದ ಹೊತ್ತಿಗೆ ಪಾತ್ರೇಲಿ ಇದ್ದಿದ್ದು ಕೊನೇ ಹೆಸರೊಂದೇ."

ಸಿಯು-ಕಿಮ್ ಮತ್ತೆ ಪರದೆಯತ್ತ ತಿರುಗಿ ಕುಳಿತಳು. "ಹಾಗಾದ್ರೆ ಲೂಪಿನ ಪ್ರತಿ ಸುತ್ತಿಗೂ ಆಗಿನ ಹೆಸರನ್ನ ಬೇರೆ ಡಬ್ಬಿಗೆ ತುಂಬ್ಬೇಕು."

ಟೀಚರ್ ಕೀಲಿಮಣೆಯನ್ನು ಅವಳತ್ತ ಸರಿಸಿದರೇ ಹೊರತು ತಾವು ಒಂದಕ್ಷರ ಒತ್ತಲಿಲ್ಲ. ಪ್ರತಿಯೊಂದು ಹೆಸರನ್ನೂ ಒಂದು ಪುಟ್ಟ ಫಂಕ್ಷನ್ನಿಗೆ ಒಪ್ಪಿಸಿ, ಅದರೊಳಗೇ ಗುಂಡಿಯ ಕೆಲಸ ಹುಟ್ಟುವಂತೆ ಮಾಡಿದವಳು ಸಿಯು-ಕಿಮ್. ಸಂಜೆ ಓಂಗ್ ಅಜ್ಜಿ ಅನುಮಾನಿಸುತ್ತಲೇ ಒತ್ತಿದರು, ಮಾಂಸವಿಲ್ಲದ ತೋಫು ಬಂತು. ಪರದೆ ಉಳಿಯಿತು, ಸಿಯು-ಕಿಮ್ ಕೂಡ ಉಳಿದಳು.

ಈಗ ಹೊಸಬರಿಗೆ ಡಬ್ಬಿಯ ಪಾಠ ಹೇಳುವವಳು ಅವಳೇ. ಮೊನ್ನೆ ಪರದೆಗೆ ಇನ್ನೊಂದು ಗುಂಡಿ ಸೇರಿಸಿದ್ದಾಳೆ, ಶ್ಯೂ ಯಾ-ಲಿನ್ ಎಂಬ ಹೆಸರಿನದು. ನಮ್ಮ ಟೀಚರ್ ನೂರ್ಕಾಲ ಬಾಳಿ, ಕಲಿಸುವುದನ್ನು ಬಿಡದೆ, ಮಧ್ಯಾಹ್ನಗಳಲ್ಲಿ ಬಂದು ಅದನ್ನು ಒತ್ತುತ್ತಿರಲಿ. ಅವರಿಷ್ಟದ ಮೀನಿನ ಗಂಜಿಯೇ ಬರುತ್ತದೆ. ನಾವು ಒತ್ತಿ ನೋಡಿದ್ದೇವೆ.