ಎರಡನೆಯ ಸುತ್ತು

ಜಪಾನಿನ ಸೆಂಡೈ ನಗರದ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಗುರುವಾರ ಬೆಳಿಗ್ಗೆ ಒಬ್ಬರು ಹಲಗೆಯ ಮುಂದೆ ನಿಂತು ಪಠ್ಯಪುಸ್ತಕವನ್ನು ಸಾಲುಸಾಲಾಗಿ ಬಿಡಿಸಿ ಹೇಳಬೇಕು. 'ಪುಸ್ತಕದಲ್ಲಿ ಹಾಗಿದೆ' ಎಂದರೆ ಕುರೊಸು ಮೇಷ್ಟ್ರು ಅಲ್ಲೇ ತಡೆಯುತ್ತಾರೆ. ಮುಂದಿನ ವಾರ ಮತ್ತೆ ಆ ವಿದ್ಯಾರ್ಥಿಯೇ, ಮತ್ತೆ ಅದೇ ಸಾಲು. ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ.

ಚಿಗುಸಾ ಮಿನೆಗಿಶಿ ಹೀಗೆ ಸಿಕ್ಕಿಬಿದ್ದು ತಿಂಗಳಾಗಿತ್ತು. ಪ್ರೌಢಶಾಲೆಯ ಶಿಕ್ಷಕಿ ಕೆಲಸ ಬಿಟ್ಟು, ನಲವತ್ತು ದಾಟಿದ ಮೇಲೆ ನಮ್ಮಂಥ ಹುಡುಗರ ಜೊತೆ ಓದಲು ಬಂದವರು. ಎಲೆಕ್ಟ್ರಾನಿನ ಸ್ಪಿನ್, ಅಂದರೆ ಪುಸ್ತಕ 'ತಿರುಗು' ಎಂದು ಹೆಸರಿಟ್ಟ ಅದರ ಗುಣ, ಬಂತೆಂದರೆ ಸಾಕು, ಹಲಗೆಯ ಮೇಲೆ ಬುಗುರಿ ಬರೆಯುತ್ತಿದ್ದರು. "ಬುಗುರಿ ಆದ್ರೆ ಅದರ ಅಂಚು ಬೆಳಕಿಗಿಂತ ಜೋರಾಗಿ ಓಡ್ಬೇಕಾಗತ್ತಲ್ರೀ, ಅದಾಗತ್ತಾ?" ಎಂದು ಮೇಷ್ಟ್ರು ಕೇಳಿದೊಡನೆ ಸುಣ್ಣದಕಡ್ಡಿ ಕೆಳಗಿಟ್ಟು ಕೂತುಬಿಡುತ್ತಿದ್ದರು.

"ಇವತ್ತೂ ಆಗ್ಲಿಲ್ಲ ಅಂದ್ರೆ ಓದು ಬಿಟ್ಟು ಊರಿಗೆ ಹೋಗ್ತೀನಿ ಕಣೋ," ಎಂದರು ಅಂದು ಬೆಳಿಗ್ಗೆ. "ಶಾಲೆ ಮಕ್ಳಿಗೆ ನಿಜ ಹೇಳ್ಕೊಡೋಣ ಅಂತ ಬಂದೆ. ನಂಗೇ ತಲೆಗೆ ಹೋಗ್ತಿಲ್ಲ."

ಸಂಕಟವಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಕ್ಕಾ, ಆ ಬುಗುರೀನ ಮನೇಲೇ ಬಿಟ್ಟು ಬರಬಾರ್ದಾ?" ಎಂದೆ.

ತಿಂಗಳಿಂದ ಅವರನ್ನು ಹಿಡಿದಿಟ್ಟ ಸಾಲು ಇಷ್ಟೇ: ಬೆಳಕಿನ ಕಣ ಫೋಟಾನನ್ನು ಒಂದು ಸುತ್ತು ತಿರುಗಿಸಿದರೆ ಮೊದಲಿನ ಸ್ಥಿತಿಗೆ ಬರುತ್ತದೆ, ಎಲೆಕ್ಟ್ರಾನಿಗೆ ಎರಡು ಸುತ್ತು ಬೇಕು. ಮತ್ತೆ ಬುಗುರಿ ಬರೆದು ಅರ್ಧ ಗಂಟೆ ತಡವರಿಸಿದ ಮಿನೆಗಿಶಿ ಸೋತು ಚಹಾ ಹಂಚಲು ನಿಂತರು. ಪಾಠ ಹೇಳುವವರೇ ಚಹಾ ಕೊಡುವುದು ನಮ್ಮಲ್ಲಿನ ರೂಢಿ. ಬಟ್ಟಲನ್ನು ಅಂಗೈ ಮೇಲಿಟ್ಟು, ಅದರ ಚಂದದ ಮುಖ ಮೇಷ್ಟ್ರ ಕಡೆ ಬರುವಂತೆ ಇನ್ನೊಂದು ಕೈಯಿಂದ ತಿರುಗಿಸುತ್ತಿದ್ದವರು ಥಟ್ಟನೆ ನಿಂತರು. ಆ ಕೈ ತೆಗೆದು, ಬಟ್ಟಲು ಹೊತ್ತ ಅಂಗೈಯನ್ನೇ ಕಂಕುಳಡಿಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿದರು. ಬಟ್ಟಲು ಮೊದಲಿನ ದಿಕ್ಕಿಗೇ ಬಂತು, ಆದರೆ ತೋಳು ಹುರಿಗೊಂಡು ಮೊಣಕೈ ಮೇಲೆದ್ದಿತು.

"ಏನ್ರೀ ಇದು, ಡ್ಯಾನ್ಸಾ?" ಎಂದರು ಮೇಷ್ಟ್ರು.

ಅದೇ ದಿಕ್ಕಿನಲ್ಲಿ, ತಲೆಯ ಮೇಲಿಂದ, ಇನ್ನೊಂದು ಸುತ್ತು. ತೋಳು ತಾನಾಗಿ ನೆಟ್ಟಗಾಯಿತು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಬರೀ ಬಟ್ಟಲಿಗೆ ಒಂದೇ ಸುತ್ತು ಸಾಕು, ಫೋಟಾನ್ ಥರ. ತೋಳಿಗೆ ಅಂಟ್ಕೊಂಡಿರೋ ಬಟ್ಟಲಿಗೆ ಎರಡು ಬೇಕು, ಎಲೆಕ್ಟ್ರಾನ್ ಥರ," ಎಂದರು ಮಿನೆಗಿಶಿ.

"ಸರಿ. ಎಲೆಕ್ಟ್ರಾನಿನೊಳಗೆ ತಿರುಗ್ತಿರೋದು ಏನು ಹಾಗಾದ್ರೆ?"

ಮತ್ತೆ ಅದೇ ಬುಗುರಿಯ ಪ್ರಶ್ನೆ. ಈ ಸಲ ಮಿನೆಗಿಶಿ ಹೆದರಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೇ. ಏನೋ ತಿರುಗ್ತಿದೆ ಅನ್ಕೊಂಡಿದ್ದೇ ನನ್ನ ತಪ್ಪು. ಎಷ್ಟು ಸುತ್ತಿಗೆ ಮೊದ್ಲಿನ ಹಾಗಾಗತ್ತೆ ಅನ್ನೋದಷ್ಟೇ ಗೊತ್ತು."

"ನಂಗೂ ಗೊತ್ತಿರೋದು ಅಷ್ಟೇ," ಎಂದರು ಮೇಷ್ಟ್ರು, ಬಟ್ಟಲು ತೆಗೆದುಕೊಳ್ಳುತ್ತ. "ಮುಂದಿನ ಸಾಲು ಓದಿ."

ಮಿನೆಗಿಶಿ ಪುಸ್ತಕ ಎತ್ತಿಕೊಂಡರು, ಆದರೆ ಓದುವ ಮೊದಲು ಹಲಗೆಯ ಮೇಲಿನ ಬುಗುರಿಯನ್ನು ಅಳಿಸಲು ನಿಂತರು. ನಾವೆಲ್ಲ ಚಹಾ ಕುಡಿಯುತ್ತ ಕಾದೆವು.