ಪಂಪಿಗೆ ಸುತ್ತಿದ ಸೇವಂತಿಗೆ ಹಾರ

ಆಗ ನನಗೆ ಮೂವತ್ತೆಂಟು. ಆ ಮಾತಿಗೆ ಈಗ ನಲವತ್ತು ವರ್ಷ ದಾಟಿತು. ನಾನು ಓದಿದವಳಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬರೆದರೆ ಬೆರಳು ನೋಯುತ್ತದೆ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವುದಿಲ್ಲ. ಬರೆಸಿದರೆ ಅವರು ಅಲ್ಲಲ್ಲಿ ಮೆತ್ತಗೆ ಮಾಡಿಬಿಡುತ್ತಾರೆ.

ಯಲಹಂಕದಿಂದ ಹೆಬ್ಬಾಳಕ್ಕೆ ಬರುವ ದಾರಿಯಲ್ಲಿ ಒಂದು ರಬ್ಬರ್ ಕಾರ್ಖಾನೆ ಇತ್ತು. ಅಲ್ಲಿ ಕಸ ಗುಡಿಸುತ್ತಿದ್ದೆ, ಒಂಬತ್ತು ವರ್ಷದಿಂದ ದಿನಗೂಲಿ. ಗಂಡ ಸತ್ತಿದ್ದ, ಇಬ್ಬರು ಹೆಣ್ಣುಮಕ್ಕಳು. ದಸರಾ ಮುಗಿಯಲಿ, ನಿನ್ನನ್ನು ಖಾಯಂ ಮಾಡುತ್ತೇನೆ ಎಂದು ಮ್ಯಾನೇಜರು ಎಲ್ಲರ ಎದುರಿಗೇ ಹೇಳಿದ್ದರು. ಖಾಯಂ ಅಂದರೆ ಜ್ವರ ಬಂದು ಮಲಗಿದ ದಿನವೂ ಒಲೆ ಉರಿಯುತ್ತದೆ. ಆ ವರ್ಷ ನಾನು ಬೇರೇನನ್ನೂ ಯೋಚಿಸಿದವಳಲ್ಲ.

ರಬ್ಬರಿನ ಅಚ್ಚುಗಳನ್ನು ತಣಿಸಿದ ನೀರು ಹೊಗೆಯಾಡುತ್ತಾ ಒಂದು ತೊಟ್ಟಿಗೆ ಬಂದು ಬೀಳುತ್ತಿತ್ತು. ಪಂಪು ಅದನ್ನು ಮರದ ಪಟ್ಟಿಗಳ ಗೋಪುರದ ಮೇಲಕ್ಕೆ ಎತ್ತಿ ಹನಿಹನಿಯಾಗಿ ಇಳಿಸಿ ತಣ್ಣಗೆ ಮಾಡುತ್ತಿತ್ತು. ಹೆಚ್ಚಾದ ನೀರು ಮೋರಿಯಲ್ಲಿ ಹರಿದು ಕೆರೆ ಸೇರುತ್ತಿತ್ತು. ಇಷ್ಟಕ್ಕಿಂತ ಬಿಸಿ ನೀರು ಹೊರಗೆ ಬಿಡಬಾರದು ಎಂದು ಸರ್ಕಾರದ ಪರವಾನಗಿಯಲ್ಲಿ ಬರೆದಿತ್ತಂತೆ. ಅದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ಲಕ್ಷ್ಮಿ ಪಟದ ಪಕ್ಕ ತೂಗುಹಾಕಿದ್ದರು. ತೊಟ್ಟಿಯ ಜಾಲರಿಗೆ ಸಿಕ್ಕಿದ ಎಲೆ, ಕಡ್ಡಿ ತೆಗೆಯುವುದು ನನ್ನ ಕೆಲಸ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅದು ಕಟ್ಟಿಕೊಂಡಿರಲಿಲ್ಲ.

ಆಯುಧಪೂಜೆ ಬಂತು. ಸೂಪರ್‌ವೈಸರಿಗೆ ಆ ಪಂಪಿನ ಮೇಲೆ ಬಲು ಮೋಹ. ಅದನ್ನು ಆ ವರ್ಷ ತಾನೇ ಆರಿಸಿ ತರಿಸಿದ್ದ, ಬಾಯಿ ತೆರೆದರೆ "ನನ್ನ ಪಂಪು" ಅನ್ನುತ್ತಿದ್ದ. ಸಿಟಿ ಮಾರ್ಕೆಟ್ಟಿನಿಂದ ತೋಳುದಪ್ಪದ ಸೇವಂತಿಗೆ ಹಾರ ತಂದ. ನೈಲಾನ್ ದಾರದಲ್ಲಿ ಪೋಣಿಸಿದ್ದು, ಮಧ್ಯೆ ಮಧ್ಯೆ ಜರಿ. ಮೋಟರಿಗೂ ಪಂಪಿಗೂ ನಡುವೆ ತಿರುಗುವ ಕಬ್ಬಿಣದ ದಂಡಕ್ಕೆ ಅದನ್ನು ತಾನೇ ಮೂರು ಸುತ್ತು ಸುತ್ತಿದ. ಫೋಟೋದವನು ಬಂದಾಗ ಎಲ್ಲರನ್ನೂ ಪಂಪಿನ ಹಿಂದೆ ನಿಲ್ಲಿಸಿ, ತಾನು ಹಾರದ ಮೇಲೆ ಕೈಯಿಟ್ಟು ನಿಂತ.

ವಿಜಯದಶಮಿಯ ರಜೆ ಕಳೆದು ಮಿಷಿನ್ನು ಚಾಲೂ ಮಾಡುವ ಬೆಳಿಗ್ಗೆ ಧಾರವಾಡದ ಕಡೆಯ ಫಿಟ್ಟರ್ ಹೇಳಿದ, "ಸಾಹೇಬ್ರ, ಹಾರ ಬಿಚ್ಚಿ ಚಾಲೂ ಮಾಡೂಣ್ರಿ. ದಾರ ನೈಲಾನಿಂದು ಐತಿ, ಒಳಗ ಸುತ್ಕೊಂಡ್ರ ಹಿಡೀತೈತಿ."

"ಪೂಜೆ ಹೂವು ಕಣ್ರೀ. ತಾನಾಗೇ ಬಾಡಿ ಬೀಳ್ಬೇಕು. ಕೈಯಾರೆ ಕಿತ್ರೆ ಮಿಷಿನ್ನಿಗೆ ಕೇಡು."

ನಾವೂ ಹೌದು ಹೌದು ಎಂದು ತಲೆಯಾಡಿಸಿದೆವು. ನಮ್ಮ ಮನೆಯ ಒರಳಿನ ಮೇಲಿನ ಹೂವನ್ನು ನಾನೂ ಕಿತ್ತವಳಲ್ಲ. ಆದರೆ ಒರಳಿಗೆ ಮೋಟರು ಇರುವುದಿಲ್ಲ.

ಮಧ್ಯಾಹ್ನದೊಳಗೆ ದಾರ ದಂಡಕ್ಕೆ ಬಿಗಿದು, ಕರಗಿ, ಪಂಪು ನಿಂತಿತು, ಮೋಟರು ಸುಟ್ಟಿತು. ಬೇರೆ ಪಂಪು ಬರುವ ತನಕ ಕೆಲಸ ನಿಲ್ಲಿಸಬೇಕಿತ್ತು. ಅರ್ಜೆಂಟ್ ಆರ್ಡರ್ ಇದೆ ಎಂದು ಸೂಪರ್‌ವೈಸರು ನಿಲ್ಲಿಸಲಿಲ್ಲ. ಸುಡುವ ನೀರನ್ನು ನೇರವಾಗಿ ಮೋರಿಗೆ ತಿರುಗಿಸಿದ. ಮೊದಲ ಎರಡು ದಿನ ಮೋರಿ ಪಕ್ಕದ ಹೆಂಗಸರಿಗೆ ಹಬ್ಬ. ಸೌದೆ ಇಲ್ಲದೆ ಬಿಸಿನೀರು ಸಿಕ್ಕಿತೆಂದು ಕಂಬಳಿ ಒಗೆದರು, ಒಬ್ಬಳು ತಲೆಗೆ ಹರಳೆಣ್ಣೆ ಹಚ್ಚಿಕೊಂಡೇ ಬಂದಳು. ಮೂರನೆಯ ದಿನ ಕೆರೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಕೆರೆ ಗುತ್ತಿಗೆ ಹಿಡಿದವನು ಒಂದು ಮಂಕರಿ ಸತ್ತ ಮೀನು ತಂದು ಗೇಟಿನ ಮುಂದೆ ಸುರಿದು, ಸರ್ಕಾರಕ್ಕೂ ದೂರು ಕೊಟ್ಟ. ಮೀನಿಗಾಗಿ ನಾನೇನೂ ಅಳಲಿಲ್ಲ. ಗೇಟು ಗುಡಿಸುವುದು ಯಾರು?

ಮಾರನೆಯ ಬೆಳಿಗ್ಗೆ ಸೂಪರ್‌ವೈಸರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ ತಂದ. "ಖಾಯಂ ಕಾಗದ ಬಂದಿದೆ, ಹೆಬ್ಬೆಟ್ಟು ಒತ್ತು."

"ನಂಗೆ ಸೈ ಮಾಡಕ್ಕೆ ಬತ್ತದೆ ಸಾ."

"ಸೈ ಮಾಡಿ ನೀನೇನು ಕಲೆಕ್ಟರ್ ಆಗ್ಬೇಕಾ? ಒತ್ತಮ್ಮ ಬೇಗ."

ಒತ್ತಿದೆ. ಖುಷಿಯಲ್ಲೇ ಒತ್ತಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಧ್ಯಾಹ್ನ ನೀರು ನೋಡುವ ಸರ್ಕಾರದ ಆಫೀಸರು ಬಂದರು. ಮೋರಿಗೆ ಗಾಜಿನ ಕಡ್ಡಿ ಅದ್ದಿ, ಎತ್ತಿ ನೋಡಿ, ಮುಖ ಗಂಟಿಕ್ಕಿದರು. ಪರವಾನಗಿ ಮೀರಿದೆ, ಯಾಕೆ ಎಂದು ಕೇಳಿದರು. ಸೂಪರ್‌ವೈಸರು ನನ್ನ ಹೆಬ್ಬೆಟ್ಟಿನ ಕಾಗದ ಕೊಟ್ಟ. ಅವರು ಓದಿ ನನ್ನನ್ನು ಕರೆದರು.

"ಪೂಜೆ ಹೂವು, ಬಾಳೆಎಲೆ ಎಲ್ಲಾ ತೊಟ್ಟಿಗೆ ಸುರಿದೆ, ಅದಕ್ಕೇ ಪಂಪ್ ಕೆಟ್ಟಿತು ಅಂತ ಒಪ್ಕೊಂಡಿದ್ದೀಯಲ್ಲಮ್ಮ. ಹೌದಾ?"

ಖಾಯಂ ಕಾಗದ ಅಂದಿದ್ದನಲ್ಲ ಎಂದು ಸೂಪರ್‌ವೈಸರನ ಮುಖ ನೋಡಿದೆ. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಸಂಜೆಗೆ ನನ್ನನ್ನು ಗೇಟಿನಿಂದ ಹೊರಗೆ ಹಾಕಿದರು.

ಮನೆಯಲ್ಲಿ ಅಳುತ್ತಾ ಕೂರಲಿಲ್ಲ. ಇವನನ್ನು ನೆಲಕ್ಕೆ ಕೆಡವದೆ ಬಿಡುವುದಿಲ್ಲ ಎಂದುಕೊಂಡೆ, ಅಷ್ಟೇ. ಭಾನುವಾರ ಫಿಟ್ಟರ್ ಕೆಂಪಾಪುರದ ನಮ್ಮ ಮನೆಗೆ ಬಂದ. "ಸುಟ್ಟ ಪಂಪು ಇನ್ನಾ ಶೆಡ್ಡಿನ ಹಿಂದ ಟಾರ್ಪಾಲಿನ ಕೆಳಗ ಬಿದ್ದೈತಿ ಅಕ್ಕಾ. ಜರಿ, ದಾರ ಎಲ್ಲಾ ಅರಗಿನಂಗ ದಂಡಕ್ಕ ಮೆತ್ಕೊಂಡೈತಿ. ನಾ ಬಾಯಿ ಬಿಟ್ರ ನನ್ನ ನೌಕರಿ ಹೋಕ್ಕೈತಿ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಹೇಳಿದ್ದೇ ಸಾಕಿತ್ತು. ಸೋಮವಾರ ಯಲಹಂಕದ ಸ್ಟುಡಿಯೋಗೆ ಹೋಗಿ ಪೂಜೆಯ ದಿನದ ಫೋಟೋ ಒಂದು ಪ್ರತಿ ಇಸಕೊಂಡೆ.

ಆಫೀಸರು ಮತ್ತೆ ನೀರು ನೋಡಲು ಬರುತ್ತಾರೆ ಎಂದು ಗೊತ್ತಿತ್ತು. ಕಾಂಪೌಂಡಿನ ಹೊರಗೆ, ಮೋರಿಯ ಬಾಯಿಯ ಹತ್ತಿರ ಮೂರು ದಿನ ಕೂತೆ. ನಾಲ್ಕನೆಯ ದಿನ ಬಂದರು. ಫೋಟೋ ಕೈಗೆ ಕೊಟ್ಟೆ.

"ನೋಡಿ ಸಾಮಿ, ಹಾರ ಎಲ್ಲೈತೆ, ಅದ್ರ ಮೇಲೆ ಕೈ ಯಾರ್ದೈತೆ. ಸುಟ್ಟ ಪಂಪು ಶೆಡ್ಡಿನ ಹಿಂದ್ಗಡೆ ಬಿದ್ದೈತೆ, ಟಾರ್ಪಾಲು ಎತ್ತಿಸಿ. ಆ ಕಾಗದ ಖಾಯಂ ಮಾಡೋದು ಅಂದ್ಕೊಂಡು ಒತ್ತಿದ್ದು ನಾನು."

ಅವರು ನನ್ನನ್ನು ಜೊತೆಯಲ್ಲೇ ಒಳಗೆ ಕರೆದುಕೊಂಡು ಹೋದರು. ಟಾರ್ಪಾಲು ಎತ್ತಿಸಿದರು. ಕರಿಬಡಿದ ದಂಡದ ಮೇಲೆ ಜರಿ ಫಳಫಳ ಅನ್ನುತ್ತಿತ್ತು. ಇಡೀ ಶಿಫ್ಟಿನವರು ಸುತ್ತ ನಿಂತಿದ್ದರು. ನಾನು ಸೂಪರ್‌ವೈಸರಿಗೆ ಹೇಳಿದೆ, "ಪೂಜೆ ಊವು ಇನ್ನೂ ಬಿದ್ದಿಲ್ಲ ಸಾ." ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಬೂದಿಯಾಯಿತು. ನಾನು ಕಣ್ಣು ತೆಗೆಯದೆ ನೋಡಿದೆ.

ಆಫೀಸರು ಹೊರಡುವಾಗ ಹೇಳಿದರು, "ಬಾಯಿಮಾತಲ್ಲಿ ಆಗಲ್ಲಮ್ಮ. ನೀನೇ ಅರ್ಜಿ ಬರೆದು ನಾಳೆ ನಮ್ಮ ಆಫೀಸಿಗೆ ಕೊಡು. ಇಲ್ದಿದ್ರೆ ಆ ಹೆಬ್ಬೆಟ್ಟಿನ ಕಾಗದವೇ ನಿಲ್ಲುತ್ತೆ."

ಅವತ್ತೇ ಸಂಜೆ ಮ್ಯಾನೇಜರ ಕಾರು ನಮ್ಮ ಮನೆಯ ಮುಂದೆ ನಿಂತಿತು. ಸೂಪರ್‌ವೈಸರೂ ಜೊತೆಗಿದ್ದ.

"ನಾಳೆ ಏಳು ಗಂಟೆಗೆ ಕೆಲ್ಸಕ್ಕೆ ಬಾಮ್ಮ," ಎಂದರು ಮ್ಯಾನೇಜರು. "ಖಾಯಂ ಆರ್ಡರ್ ಟೇಬಲ್ ಮೇಲಿರುತ್ತೆ. ಅರ್ಜಿ ಗಿರ್ಜಿ ಮಾತ್ರ ಬೇಡ."

ಸೂಪರ್‌ವೈಸರು ತಲೆ ತಗ್ಗಿಸಿ, "ತಪ್ಪಾಯ್ತಮ್ಮ. ಮಕ್ಕಳೊಂದಿಗ ನಾನು," ಎಂದ.

"ಎಬ್ಬೆಟ್ಟು ಒತ್ತಿಸ್ಕೊಂಡಾಗ ನಂಗೂ ಇಬ್ರು ಮಕ್ಳಿದ್ರಲ್ಲ ಸಾ."

ಕಾರು ಹೋದ ಮೇಲೆ ದೊಡ್ಡ ಮಗಳು, "ಒಪ್ಕೊಳವ್ವ, ನಮ್ಗೆ ಅದೇ ತಾನೇ ಬೇಕಾಗಿದ್ದು," ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಬೇಕಾಗಿದ್ದೂ ಅದೇ. ಆದರೆ ಅವನನ್ನು ಕೆಡವುವುದು ಅದಕ್ಕಿಂತ ಹೆಚ್ಚು ಬೇಕಾಗಿತ್ತು. ಮಕ್ಕಳ ಊಟಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂದು ಗೊತ್ತಿದ್ದೇ ಅರ್ಜಿ ಬರೆದೆ, ಹನ್ನೊಂದು ಸಾಲು. ಆ ತಿಂಗಳೇ ಅವನ ಕೆಲಸ ಹೋಯಿತೆಂದು ಫಿಟ್ಟರ್ ಆಮೇಲೆ ಬಂದು ಹೇಳಿದ. ನಾನು ಎರಡು ಸಲ ಹೇಳಿಸಿಕೊಂಡೆ.

ಅರ್ಜಿ ಬರೆದ ಮಾರನೆಯ ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಸೈರನ್ ಕೂಗಿದಾಗ ನಾನು ಬಸ್ಸಿನಲ್ಲಿದ್ದೆ. ಸರ್ಕಾರಿ ಆಫೀಸಿನ ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದು, ಅರ್ಜಿ ಕೊಟ್ಟು, ಅದಕ್ಕೆ ಸೀಲು ಬೀಳುವುದನ್ನು ಕಣ್ಣಾರೆ ನೋಡಿದೆ. ಅಲ್ಲಿಂದ ಯಶವಂತಪುರಕ್ಕೆ ಹೋಗಿ, ಈರುಳ್ಳಿ ಮಂಡಿಯಲ್ಲಿ ಆರಿಸುವ ಹೆಂಗಸರು ಬೇಕೇ ಎಂದು ಕೇಳಿದೆ.